ಸೃಜನಶೀಲ ರೆಸ್ಯೂಮೆ: ಬಣ್ಣಕ್ಕಿಂತ ಮೊದಲು ಒಂದು ವಾಕ್ಯ

ವಿನ್ಯಾಸ, ಬರವಣಿಗೆ, ಅನಿಮೇಷನ್, ಛಾಯಾಗ್ರಹಣದಂತಹ ಕ್ಷೇತ್ರಗಳಲ್ಲಿ ಕೆಲಸ ಹುಡುಕುವವರಿಗೆ ಎಲ್ಲರೂ ಹೇಳುವ ಮಾತೆಂದರೆ ರೆಸ್ಯೂಮೆ ಎದ್ದು ಕಾಣಬೇಕು ಎಂಬುದು. ಆ ಮಾತನ್ನು ನಂಬಿ ಹೆಚ್ಚಿನವರು ಮೊದಲು ಟೆಂಪ್ಲೇಟ್ ಹುಡುಕಲು ಕೂರುತ್ತಾರೆ. ಎಡಬದಿಗೆ ಗಾಢ ಬಣ್ಣದ ಪಟ್ಟಿ, ಅದರೊಳಗೆ ದುಂಡನೆಯ ಫೋಟೋ, ಅದರ ಕೆಳಗೆ ಪ್ರತಿಯೊಂದು ಕೌಶಲಕ್ಕೂ ಐದರಲ್ಲಿ ನಾಲ್ಕು ನಕ್ಷತ್ರ: ಇಷ್ಟನ್ನು ತುಂಬುವಷ್ಟರಲ್ಲಿ ಒಂದು ಸಂಜೆ ಕಳೆಯುತ್ತದೆ, ಹಾಳೆ ಚೆಂದವಾಗಿಯೂ ಕಾಣುತ್ತದೆ. ಆದರೆ ಅದೇ ಟೆಂಪ್ಲೇಟನ್ನು ಬೇರೆ ಅಭ್ಯರ್ಥಿಗಳೂ ತುಂಬಿರುತ್ತಾರೆ. ಈ ವ್ಯಕ್ತಿ ಯಾವ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು ಎಂದು ತಿಳಿಯಲು ಬಯಸುವ ಓದುಗರಿಗೆ ಆ ಹಾಳೆಯಲ್ಲಿ ಉತ್ತರ ಸಿಗುವುದಿಲ್ಲ.

ಹಲವರ ರೆಸ್ಯೂಮೆಗಳನ್ನು ಅವರ ಜೊತೆ ಕೂತು ತಿದ್ದಿದ ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು: ಒಳ್ಳೆಯ ಸೃಜನಶೀಲ ರೆಸ್ಯೂಮೆಯೂ ವೈಯಕ್ತಿಕ ಬ್ರ್ಯಾಂಡ್ ಎಂದು ಕರೆಯಲಾಗುವ ವೃತ್ತಿಪರ ಗುರುತೂ ಒಂದೇ ಬೇರಿನಿಂದ ಹುಟ್ಟುತ್ತವೆ. ನಿಮ್ಮ ಕೆಲಸದ ಬಗ್ಗೆ ನೀವು ಆಧಾರಸಹಿತವಾಗಿ ಹೇಳಬಲ್ಲ ಒಂದು ನಿಜವಾದ ವಾಕ್ಯವೇ ಆ ಬೇರು. ಕೆಳಗಿನ ಹಂತಗಳಲ್ಲಿ ಬಣ್ಣ ಮತ್ತು ಫಾಂಟ್ ಬರುವುದು ಐದನೆಯದರಲ್ಲಿ. ಅಲ್ಲಿಯವರೆಗೆ ವಿನ್ಯಾಸದ ತಂತ್ರಾಂಶವನ್ನು ತೆರೆಯದೆ, ಹಾಳೆ ಮತ್ತು ಪೆನ್ನನ್ನೋ ಸಾಧಾರಣ ಟೆಕ್ಸ್ಟ್ ಕಡತವನ್ನೋ ಬಳಸಿ.

ಹಂತ 1: ಮಾಡಿದ ಕೆಲಸವನ್ನೆಲ್ಲ ಒಂದೆಡೆ ಬರೆದಿಡಿ

ಕಳೆದ ಮೂರರಿಂದ ಐದು ವರ್ಷಗಳಲ್ಲಿ ನೀವು ಮುಗಿಸಿದ ಕೆಲಸಗಳನ್ನು, ಸಣ್ಣದು ದೊಡ್ಡದು ಎಂದು ನೋಡದೆ ಪಟ್ಟಿ ಮಾಡಿ. ಪ್ರತಿ ಕೆಲಸದ ಎದುರು ನಾಲ್ಕು ಸಂಗತಿಗಳಿರಲಿ: ಕೇಳಿದವರಿಗೆ ಏನು ಬೇಕಿತ್ತು, ಇದ್ದ ತೊಡಕು ಯಾವುದು, ಅದರಲ್ಲಿ ನಿಮ್ಮ ಪಾಲಿನ ಕೆಲಸ ಎಷ್ಟು, ಕೊನೆಗೆ ಏನು ಬದಲಾಯಿತು. ಮೂರನೆಯ ಸಂಗತಿಯನ್ನು ಬರೆಯುವಾಗ ‘ನಾವು ಮಾಡಿದೆವು’ ಎಂಬುದನ್ನು ‘ನಾನು ಮಾಡಿದೆ’ ಎಂಬುದರಿಂದ ಬೇರ್ಪಡಿಸುವುದು ಮುಖ್ಯ, ಏಕೆಂದರೆ ಸಂದರ್ಶನದಲ್ಲಿ ಮೊದಲು ಕೆದಕುವುದು ಅದನ್ನೇ. ಈಗಷ್ಟೇ ಓದು ಮುಗಿಸಿದವರು ತರಗತಿಯ ಪ್ರಾಜೆಕ್ಟ್, ಕಾಲೇಜಿನ ಪತ್ರಿಕೆಗೆ ಮಾಡಿಕೊಟ್ಟ ಮುಖಪುಟ, ಸ್ವಯಂಸೇವೆಯಾಗಿ ಮಾಡಿದ ಕೆಲಸಗಳನ್ನೂ ಸೇರಿಸಿಕೊಳ್ಳಬಹುದು. ಸಂಬಳ ಸಿಕ್ಕಿತೇ ಇಲ್ಲವೇ ಎಂಬುದಕ್ಕಿಂತ ಕೆಲಸ ನಿಜವಾಗಿ ಬಳಕೆಗೆ ಬಂದಿತೇ ಎಂಬುದು ಹೆಚ್ಚು ತೂಕದ್ದು.

ಹಂತ 2: ನಿಮ್ಮ ವಾಕ್ಯವನ್ನು ಹುಡುಕಿ

ಎಲ್ಲ ಹಂತಗಳಿಗಿಂತ ಹೆಚ್ಚು ಸಮಯ ಇದಕ್ಕೇ ಕೊಡಬೇಕು. ಬರೆದಿಟ್ಟ ಪಟ್ಟಿಯನ್ನು ಒಂದೆರಡು ದಿನ ಬಿಟ್ಟು ಮತ್ತೆ ಓದಿದರೆ ಯಾವುದೋ ಒಂದು ಕಾಳಜಿ ಬೇರೆ ಬೇರೆ ಕೆಲಸಗಳಲ್ಲಿ ಮರುಕಳಿಸುವುದು ಕಣ್ಣಿಗೆ ಬೀಳುತ್ತದೆ.

ನನಗೆ ಪರಿಚಯದ ಯುವ ವಿನ್ಯಾಸಕಿಯೊಬ್ಬರು ಔಷಧಿಗಳ ಪೆಟ್ಟಿಗೆ ಮತ್ತು ಲೇಬಲ್‌ಗಳನ್ನು ರೂಪಿಸುತ್ತಿದ್ದರು. ಅವರ ಹಳೆಯ ರೆಸ್ಯೂಮೆಯ ನೆತ್ತಿಯಲ್ಲಿ ‘ಸೃಜನಶೀಲ, ಶ್ರಮಜೀವಿ, ತಂಡದಲ್ಲಿ ಬೆರೆಯಬಲ್ಲ ಗ್ರಾಫಿಕ್ ಡಿಸೈನರ್’ ಎಂಬ ಸಾಲಿತ್ತು. ಆ ಸಾಲನ್ನು ಯಾರ ಹೆಸರಿನ ಕೆಳಗೆ ಬೇಕಾದರೂ ಅಂಟಿಸಬಹುದಿತ್ತು. ಪಟ್ಟಿಯನ್ನು ಇಬ್ಬರೂ ಕೂತು ಓದಿದಾಗ ಒಂದೇ ಸಂಗತಿ ಮೂರು ಕಡೆ ಬಂದಿರುವುದು ಕಂಡಿತು. ವಯಸ್ಸಾದವರು ಮಾತ್ರೆಯ ಹೆಸರನ್ನು ಓದಲಾಗದೆ ಒಂದು ಪೆಟ್ಟಿಗೆಯ ಬದಲು ಇನ್ನೊಂದನ್ನು ಎತ್ತಿಕೊಳ್ಳುವುದನ್ನು ಅವರು ಗಮನಿಸಿದ್ದರು, ಮತ್ತು ಯಾರೂ ಕೇಳದಿದ್ದರೂ ತಾವಾಗಿಯೇ ಅಕ್ಷರ ಹಿಗ್ಗಿಸಿ, ಪ್ರಮಾಣದ ಅಂಕಿಯನ್ನು ಬೇರೆಯಾಗಿ ನಿಲ್ಲಿಸಿ ಅದನ್ನು ಸರಿಪಡಿಸಿದ್ದರು. ಅರ್ಧ ಗಂಟೆಯ ಮಾತುಕತೆಯ ಬಳಿಕ ಅವರ ವಾಕ್ಯ ಹೀಗಾಯಿತು: ‘ಕಣ್ಣು ಮಂಜಾದವರೂ ತಪ್ಪಿಲ್ಲದೆ ಓದಬಲ್ಲ ಔಷಧಿ ಲೇಬಲ್‌ಗಳನ್ನು ವಿನ್ಯಾಸ ಮಾಡುತ್ತೇನೆ.’

ನಿಮ್ಮ ವಾಕ್ಯ ಸಿಕ್ಕಿದೆ ಎನಿಸಿದಾಗ ಅದನ್ನು ಒರೆಗೆ ಹಚ್ಚಿ ನೋಡಿ. ನಿಮ್ಮ ಹೆಸರನ್ನು ತೆಗೆದು ಸಹಪಾಠಿಯ ಹೆಸರನ್ನು ಇಟ್ಟರೂ ಅದು ಹೊಂದಿಕೊಂಡರೆ ಇನ್ನೂ ಹುಡುಕಬೇಕು ಎಂದರ್ಥ. ಅದಕ್ಕೆ ಪುರಾವೆಯಾಗಿ ಮುಗಿದ ಎರಡು ಕೆಲಸಗಳನ್ನಾದರೂ ತೋರಿಸಲಾಗದಿದ್ದರೆ ಅದು ಸದ್ಯಕ್ಕೆ ಆಸೆಯೇ ಹೊರತು ಗುರುತಲ್ಲ. ಕಿರಿದಾದ ವಾಕ್ಯದಿಂದ ಬೇರೆ ಅವಕಾಶಗಳು ಕೈತಪ್ಪುತ್ತವೆಯೇ ಎಂಬ ಅಳುಕು ಸಹಜ, ಆ ವಿನ್ಯಾಸಕಿಗೂ ಅದಿತ್ತು. ಆದರೆ ಅವರ ವಾಕ್ಯ ಹೇಳುವುದು ಲೇಬಲ್ ಬಗ್ಗೆ ಮಾತ್ರವಲ್ಲ. ಇಕ್ಕಟ್ಟಾದ ಜಾಗದಲ್ಲಿ, ಅವಸರದಲ್ಲಿರುವ ಓದುಗರಿಗೆ ಮುಖ್ಯವಾದುದನ್ನು ಮೊದಲು ಕಾಣಿಸುವ ಸಾಮರ್ಥ್ಯವನ್ನು ಅದು ಹೇಳುತ್ತದೆ. ಆಸ್ಪತ್ರೆಯ ದಿಕ್ಸೂಚಿ ಫಲಕಗಳಿಗೂ, ಬ್ಯಾಂಕಿನ ಅರ್ಜಿ ನಮೂನೆಗೂ, ಮೊಬೈಲ್ ಆ್ಯಪ್‌ಗೂ ಬೇಕಾಗಿರುವುದು ಅದೇ.

ಹಂತ 3: ಹೊಣೆಯ ಪಟ್ಟಿಯನ್ನು ಕೆಲಸದ ವಿವರವಾಗಿ ತಿದ್ದಿ

ಬಹುಪಾಲು ರೆಸ್ಯೂಮೆಗಳು ‘ಜವಾಬ್ದಾರಿಗಳು’ ಎಂಬ ತಲೆಬರಹದ ಕೆಳಗೆ ಹುದ್ದೆಯ ವಿವರಣೆಯನ್ನೇ ನಕಲು ಮಾಡಿರುತ್ತವೆ. ಹುದ್ದೆಯಲ್ಲಿ ಯಾರು ಕೂತಿದ್ದರೂ ಅವರ ಮೇಲೆ ಆ ಹೊಣೆ ಇದ್ದೇ ಇರುತ್ತಿತ್ತು, ನೀವು ಇದ್ದುದರಿಂದ ಏನಾಯಿತು ಎಂಬುದನ್ನು ಬರೆಯಬೇಕು. ಮೇಲೆ ಹೇಳಿದ ವಿನ್ಯಾಸಕಿಯ ಹಳೆಯ ಸಾಲು ಹೀಗಿತ್ತು: ‘ವಿವಿಧ ಪ್ಯಾಕೇಜಿಂಗ್ ಯೋಜನೆಗಳಲ್ಲಿ ಕೆಲಸ ನಿರ್ವಹಿಸಿದ್ದೇನೆ.’ ತಿದ್ದಿದ ಮೇಲೆ ಅದು ಹೀಗಾಯಿತು: ‘ಒಂದೇ ಬಣ್ಣದ ಪೆಟ್ಟಿಗೆಯಲ್ಲಿ ಬರುತ್ತಿದ್ದ 14 ಮಾತ್ರೆಗಳ ಲೇಬಲ್‌ಗಳನ್ನು ಮರುವಿನ್ಯಾಸ ಮಾಡಿ, ಪ್ರಮಾಣದ ಅಂಕಿಯನ್ನು 7 ಪಾಯಿಂಟ್‌ನಿಂದ 12 ಪಾಯಿಂಟ್‌ಗೆ ಹಿಗ್ಗಿಸಿದೆ; ಪೆಟ್ಟಿಗೆಯ ಅಳತೆ ಬದಲಾಗಲಿಲ್ಲ.’ ಕೊನೆಯ ಮೂರು ಪದಗಳನ್ನು ಅವರು ಮೊದಲು ಬಿಟ್ಟಿದ್ದರು. ಆದರೆ ಆ ಕಸುಬು ಬಲ್ಲವರು ಬೆರಗಾಗುವುದು ಅಲ್ಲೇ, ಏಕೆಂದರೆ ಜಾಗ ಹೆಚ್ಚಿಸದೆ ಅಕ್ಷರ ಹಿಗ್ಗಿಸಬೇಕಾದರೆ ಬೇರೆ ಏನನ್ನೋ ತೆಗೆಯುವ ಧೈರ್ಯ ಬೇಕು.

ಅಂಕಿ ಇದ್ದಲ್ಲಿ ಅಂಕಿಯನ್ನು ಕೊಡಿ. ಮಾರಾಟ ಇಷ್ಟು ಏರಿತು, ಓದುಗರು ಇಷ್ಟು ಹೆಚ್ಚಿದರು ಎಂದು ಹೇಳಲು ದಾಖಲೆ ಇಲ್ಲದಿದ್ದರೆ ಊಹೆಯ ಶೇಕಡಾವಾರು ಬೇಡವೇ ಬೇಡ, ಒಂದು ಪ್ರಶ್ನೆಗೆ ಅದು ಕುಸಿದು ಬೀಳುತ್ತದೆ. ಬದಲಿಗೆ ಎಷ್ಟು ಕೆಲಸ, ಎಷ್ಟು ಅವಧಿ, ಯಾವ ಮಿತಿ ಎಂಬುದನ್ನು ಬರೆಯಬಹುದು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಗ್ರಾಹಕರ ಹೆಸರನ್ನು ಬಿಟ್ಟು ‘ಒಂದು ಔಷಧ ಕಂಪನಿಗಾಗಿ’ ಎಂದರೆ ಸಾಕು. ಆ ಎಚ್ಚರವನ್ನೂ ಓದುವವರು ಗಮನಿಸುತ್ತಾರೆ.

ಹಂತ 4: ಓದುವವರ ಅಗತ್ಯಕ್ಕೆ ತಕ್ಕ ಕ್ರಮ

ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನ್‌ನ ಆಡಳಿತ ಹಿಡಿದಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೋರಿ ಬರೆದ ಪತ್ರದ ಕರಡು ಇಂದಿಗೂ ಉಳಿದಿದೆ. ಅದರಲ್ಲಿ ಆತ ಮೊದಲು ಹೇಳುವುದು ಹೊತ್ತೊಯ್ಯಬಲ್ಲ ಹಗುರ ಸೇತುವೆಗಳು, ಕೋಟೆ ಮುತ್ತಿಗೆಯ ಉಪಾಯಗಳು, ಫಿರಂಗಿಗಳ ಬಗ್ಗೆ. ಶಿಲ್ಪ ಮತ್ತು ಚಿತ್ರಕಲೆಯ ಮಾತು ಬರುವುದು ಪತ್ರದ ಕೊನೆಗೆ. ಇಂದು ನಾವು ಆತನನ್ನು ಯಾವುದಕ್ಕಾಗಿ ನೆನೆಯುತ್ತೇವೋ ಅದು ಅಂದಿನ ಓದುಗನಿಗೆ ತುರ್ತಾಗಿ ಬೇಕಾಗಿರಲಿಲ್ಲ ಎಂಬುದು ಆತನಿಗೆ ಗೊತ್ತಿತ್ತು. ನೀವೂ ಅರ್ಜಿ ಹಾಕುವ ಹುದ್ದೆಯ ಪ್ರಕಟಣೆಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಒತ್ತಿ ಹೇಳಿದ ಎರಡು ಮೂರು ಅಗತ್ಯಗಳಿಗೆ ಹೊಂದುವ ಕೆಲಸಗಳನ್ನು ಹಾಳೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ತನ್ನಿ.

ಆ ಮೇಲ್ಭಾಗದ ಮಹತ್ವಕ್ಕೆ ಕಾರಣ ಸಮಯದ ಅಭಾವ. ಅಮೆರಿಕದ ಉದ್ಯೋಗ ಜಾಲತಾಣ ಲ್ಯಾಡರ್ಸ್ 2018ರಲ್ಲಿ ಕಣ್ಣಿನ ಚಲನೆಯನ್ನು ಅಳೆದು ನಡೆಸಿದ ಅಧ್ಯಯನದಲ್ಲಿ, ನೇಮಕಾತಿ ಮಾಡುವವರು ಒಂದು ರೆಸ್ಯೂಮೆಯ ಮೊದಲ ನೋಟಕ್ಕೆ ಕೊಟ್ಟ ಸಮಯ ಸರಾಸರಿ 7.4 ಸೆಕೆಂಡ್. ಅಷ್ಟರಲ್ಲಿ ಹೆಸರು, ನಿಮ್ಮ ವಾಕ್ಯ, ಈಗಿನ ಅಥವಾ ಕೊನೆಯ ಕೆಲಸ, ನಿಮ್ಮ ಕೆಲಸಗಳ ಮಾದರಿ ಸಂಗ್ರಹವಾದ ಪೋರ್ಟ್‌ಫೋಲಿಯೊದ ಕೊಂಡಿ, ಈ ನಾಲ್ಕು ಕಂಡರೆ ಅವರು ಮುಂದೆ ಓದಲು ಕಾರಣ ಸಿಗುತ್ತದೆ. ಕೆಲಸದ ಅನುಭವ ಇತ್ತೀಚಿನದರಿಂದ ಹಿಂದಕ್ಕೆ ಸಾಗಲಿ. ಹೊಸಬರಿಗೆ ಒಂದು ಪುಟ ಸಾಕು, ಹತ್ತು ವರ್ಷ ದಾಟಿದವರು ಎರಡು ಪುಟ ತೆಗೆದುಕೊಂಡರೆ ತಪ್ಪಿಲ್ಲ.

ಬಿಡಬೇಕಾದವೂ ಇವೆ. ಹುಟ್ಟಿದ ದಿನಾಂಕ, ವೈವಾಹಿಕ ಸ್ಥಿತಿ, ಗುರುತಿನ ಚೀಟಿಯ ಸಂಖ್ಯೆ, ಮನೆಯ ಪೂರ್ಣ ವಿಳಾಸ ಇವಾವುವೂ ಮೊದಲ ಹಂತದಲ್ಲಿ ಬೇಕಿಲ್ಲ, ಕೈಯಿಂದ ಕೈಗೆ ಹೋಗುವ ಕಡತದಲ್ಲಿ ಅವು ಇರುವುದು ಸುರಕ್ಷಿತವೂ ಅಲ್ಲ. ಫೋಟೋ ವಿಷಯದಲ್ಲಿ ದೇಶದಿಂದ ದೇಶಕ್ಕೆ ರೂಢಿ ಬೇರೆ: ಅಮೆರಿಕ, ಬ್ರಿಟನ್‌ಗಳಲ್ಲಿ ತಾರತಮ್ಯದ ಆಕ್ಷೇಪಕ್ಕೆ ಎಡೆಯಾಗದಿರಲೆಂದು ಫೋಟೋ ಹಾಕುವುದಿಲ್ಲ, ಜರ್ಮನಿಯಲ್ಲಿ ಬಹುಕಾಲ ಹಾಕುತ್ತ ಬಂದಿದ್ದಾರೆ.

ಹಂತ 5: ಹಾಳೆಯನ್ನು ಕಟ್ಟುವುದು

ಈಗ ವಿನ್ಯಾಸದ ತಂತ್ರಾಂಶವನ್ನು ತೆರೆಯಬಹುದು. ಎ4 ಹಾಳೆಯ ಅಳತೆ 210 × 297 ಮಿಲಿಮೀಟರ್; ನಾಲ್ಕೂ ಬದಿಗೆ ಸುಮಾರು 2 ಸೆಂಟಿಮೀಟರ್ ಖಾಲಿ ಬಿಡಿ. ಒಂದೇ ಫಾಂಟ್ ಕುಟುಂಬದ ಸಾಧಾರಣ ಮತ್ತು ದಪ್ಪ ರೂಪಗಳಿದ್ದರೆ ಇಡೀ ರೆಸ್ಯೂಮೆಗೆ ಸಾಕಾಗುತ್ತದೆ. ಎರಡನೆಯ ಫಾಂಟ್ ಬೇಕೆನಿಸಿದರೆ ಹೆಸರಿಗೆ ಮತ್ತು ತಲೆಬರಹಗಳಿಗೆ ಮಾತ್ರ ಬಳಸಿ. ಮುಖ್ಯ ಪಠ್ಯ 10ರಿಂದ 11.5 ಪಾಯಿಂಟ್, ತಲೆಬರಹ 13ರಿಂದ 14, ಹೆಸರು 20ರಿಂದ 24 ಪಾಯಿಂಟ್ ಇದ್ದರೆ ಮೇಲುಕೀಳಿನ ಕ್ರಮ ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಪುಟದಲ್ಲಿ ಪಠ್ಯ ಹಿಡಿಯದಿದ್ದರೆ ಅಕ್ಷರವನ್ನು ಕುಗ್ಗಿಸಬೇಡಿ, ಸಾಲನ್ನು ಅಳಿಸಿ. ವಿಭಾಗಗಳ ನಡುವಿನ ಖಾಲಿ ಜಾಗ ವಿಭಾಗದೊಳಗಿನ ಸಾಲುಗಳ ನಡುವಿನ ಜಾಗಕ್ಕಿಂತ ಸ್ಪಷ್ಟವಾಗಿ ದೊಡ್ಡದಿರಲಿ. ಗೆರೆ, ಚೌಕಟ್ಟುಗಳು ಮಾಡುವ ಕೆಲಸವನ್ನು ಬಹುಮಟ್ಟಿಗೆ ಖಾಲಿ ಜಾಗವೇ ಮಾಡುತ್ತದೆ.

ಬಣ್ಣ ಒಂದೇ ಸಾಕು, ಅದನ್ನು ಎಲ್ಲಿ ಬಳಸುತ್ತೀರಿ ಎಂಬುದಕ್ಕೆ ನಿಯಮ ಇರಲಿ. ಉದಾಹರಣೆಗೆ ತಲೆಬರಹ ಮತ್ತು ಕೊಂಡಿಗಳಿಗೆ ಮಾತ್ರ. ಜಾಲತಾಣಗಳು ಎಲ್ಲರಿಗೂ ಎಟಕುವಂತಿರಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ರೂಪಿಸಿರುವ ಮಾರ್ಗಸೂಚಿಯಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅಂತರದ ಅನುಪಾತ) ಇರಬೇಕೆಂದಿದೆ. ರೆಸ್ಯೂಮೆಗೂ ಈ ಅಳತೆ ಒಪ್ಪುತ್ತದೆ. ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರ ದೊಡ್ಡ ಪರದೆಯಲ್ಲಿ ನಾಜೂಕಾಗಿ ಕಂಡರೂ ಕಚೇರಿಯ ಹಳೆಯ ಪ್ರಿಂಟರ್‌ನಲ್ಲಿ ಮಾಯವಾಗುತ್ತದೆ. ಆದ್ದರಿಂದ ಒಮ್ಮೆ ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ನೋಡಿ.

ಕೌಶಲಗಳಿಗೆ ನಕ್ಷತ್ರ ಮತ್ತು ಶೇಕಡಾ ಪಟ್ಟಿಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಫೋಟೋಶಾಪ್ ಶೇ 80 ಗೊತ್ತು ಎಂದರೆ ಯಾವ ನೂರರಲ್ಲಿ ಎಂಬತ್ತು? ತಂತ್ರಾಂಶದ ಹೆಸರನ್ನು ಬರೆದು, ಅದರಲ್ಲಿ ಏನು ಮಾಡಿದ್ದೀರಿ ಎಂಬುದನ್ನು ಕೆಲಸದ ಸಾಲಿನಲ್ಲೇ ಹೇಳಿದರೆ ಓದುವವರು ತಾವೇ ಅಳೆದುಕೊಳ್ಳುತ್ತಾರೆ.

ಹಾಗಾದರೆ ಸೃಜನಶೀಲತೆ ಎಲ್ಲಿ ಬಂತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಆ ವಿನ್ಯಾಸಕಿ ಮೊದಲು ಇಡೀ ರೆಸ್ಯೂಮೆಯನ್ನು ಮಾತ್ರೆಯ ಪೊಟ್ಟಣದಂತೆ ರಚಿಸಿದ್ದರು: ಪ್ರತಿ ಗುಳಿಯೊಳಗೆ ಒಂದು ಕೌಶಲ, ಕೆಳಗೆ ‘ದಿನಕ್ಕೆ ಮೂರು ಬಾರಿ’ ಎಂಬ ಸೂಚನೆ. ನೋಡಿದ ತಕ್ಷಣ ಮುಗುಳ್ನಗೆ ಬರುತ್ತಿತ್ತು, ಆದರೆ ಆ ಹಾಸ್ಯ ಹಾಳೆಯ ಅರ್ಧ ಜಾಗವನ್ನು ನುಂಗಿ, ಅನುಭವದ ಸಾಲುಗಳನ್ನು 8 ಪಾಯಿಂಟ್‌ಗೆ ದೂಡಿತ್ತು. ಕಣ್ಣು ಮಂಜಾದವರಿಗಾಗಿ ದುಡಿಯುವವರ ರೆಸ್ಯೂಮೆಯನ್ನೇ ಕಣ್ಣು ಕಿರಿದಾಗಿಸಿ ಓದಬೇಕಿತ್ತು. ಎರಡನೆಯ ಕರಡಿನಲ್ಲಿ ಅವರು ಪೊಟ್ಟಣವನ್ನು ಬಿಟ್ಟು, ತಮ್ಮ ಲೇಬಲ್‌ಗಳ ತತ್ವವನ್ನೇ ಹಾಳೆಗೆ ತಂದರು: ಪ್ರತಿ ಕೆಲಸದ ಎಡಕ್ಕೆ ಅದರ ಮುಖ್ಯ ಅಂಕಿ ದೊಡ್ಡದಾಗಿ ಒಂಟಿಯಾಗಿ ನಿಂತಿತು, ಬಲಕ್ಕೆ ವಿವರ 11.5 ಪಾಯಿಂಟ್‌ನಲ್ಲಿ, ಒಂದೇ ಬಣ್ಣ, ಬೇರೆ ಅಲಂಕಾರವಿಲ್ಲ. ಒಂದು ತೋಳಿನಷ್ಟು ದೂರ ಹಿಡಿದರೂ ಓದಲು ಬರುತ್ತಿತ್ತು. ಅವರು ತಮ್ಮ ಬಗ್ಗೆ ಹೇಳಿಕೊಂಡ ಮಾತಿಗೆ ಆ ಹಾಳೆಯೇ ಮೊದಲ ಸಾಕ್ಷಿಯಾಯಿತು. ನಿಮ್ಮ ವಾಕ್ಯ ಲಯದ ಬಗ್ಗೆ ಇದ್ದರೆ ಹಾಳೆಯಲ್ಲಿ ಲಯ ಇರಲಿ, ನಿಖರತೆಯ ಬಗ್ಗೆ ಇದ್ದರೆ ಅಂಚುಗಳು ಒಂದು ಕೂದಲೆಳೆಯೂ ಆಚೀಚೆ ಆಗದಿರಲಿ.

ಹಂತ 6: ಯಂತ್ರಕ್ಕೂ ಓದಲು ಬರಲಿ

ಅನೇಕ ಸಂಸ್ಥೆಗಳಲ್ಲಿ ರೆಸ್ಯೂಮೆಯನ್ನು ಮೊದಲು ಸ್ವೀಕರಿಸುವುದು ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್ ಎಂಬ ತಂತ್ರಾಂಶ. ಅದು ಕಡತದಿಂದ ಪಠ್ಯವನ್ನು ಹೊರತೆಗೆದು ಹೆಸರು, ಹುದ್ದೆ, ಅವಧಿ, ಕೌಶಲ ಎಂದು ವಿಂಗಡಿಸಿ ಇಡುತ್ತದೆ. ನೇಮಕಾತಿ ವಿಭಾಗದವರು ಬಳಿಕ ಅದರಲ್ಲಿ ಪದ ಕೊಟ್ಟು ಹುಡುಕುತ್ತಾರೆ. ಚಿತ್ರದೊಳಗಿನ ಅಕ್ಷರ, ಐಕಾನ್, ಕೋಷ್ಟಕ, ಅಕ್ಕಪಕ್ಕದ ಕಾಲಂಗಳು, ಹೆಡರ್-ಫೂಟರ್‌ನಲ್ಲಿ ಇಟ್ಟ ಸಂಪರ್ಕ ವಿವರ ಇವು ಅದನ್ನು ಎಡವಿಸಬಹುದು.

ಇದನ್ನು ಪರೀಕ್ಷಿಸುವುದು ಸುಲಭ. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ಕೆ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಕಾಣುವುದು ಯಂತ್ರಕ್ಕೆ ಕಾಣುವುದಕ್ಕೆ ಬಹಳ ಹತ್ತಿರ. ಎಡಪಟ್ಟಿಯ ಫೋನ್ ಸಂಖ್ಯೆ ಬಲಬದಿಯ ಕೆಲಸದ ವಿವರದ ನಡುವೆ ನುಸುಳಿರುವುದು, ಚೆಂದಕ್ಕೆಂದು ಅಕ್ಷರಗಳ ನಡುವೆ ಸ್ಪೇಸ್ ಒತ್ತಿ ಹಿಗ್ಗಿಸಿದ ತಲೆಬರಹ ಬಿಡಿ ಬಿಡಿ ಅಕ್ಷರಗಳಾಗಿ ಚೆಲ್ಲಿರುವುದು ಆಗ ಗೊತ್ತಾಗುತ್ತದೆ. ಏನೂ ಆಯ್ಕೆಯಾಗದಿದ್ದರೆ ಇಲಸ್ಟ್ರೇಟರ್‌ನಂತಹ ತಂತ್ರಾಂಶದಲ್ಲಿ ಪಠ್ಯವನ್ನು ಔಟ್‌ಲೈನ್ ಆಗಿ, ಅಂದರೆ ಅಕ್ಷರಗಳಾಗಿ ಉಳಿಯದ ಬರಿಯ ಆಕಾರಗಳಾಗಿ, ಪರಿವರ್ತಿಸಿರಬಹುದು. ಮುದ್ರಣಾಲಯಕ್ಕೆ ಕಳಿಸುವಾಗ ಅದು ಒಳ್ಳೆಯ ಅಭ್ಯಾಸ, ರೆಸ್ಯೂಮೆಗೆ ಮಾರಕ. ಪಿಡಿಎಫ್‌ನ ಗುಣಲಕ್ಷಣಗಳಲ್ಲಿ ಟೈಟಲ್ ಎಂಬ ಜಾಗವನ್ನೂ ನೋಡಿ. ಬ್ರೌಸರ್‌ನಲ್ಲಿ ತೆರೆದಾಗ ಟ್ಯಾಬ್‌ನ ಮೇಲೆ ನಿಮ್ಮ ಹೆಸರಿನ ಬದಲು ಟೆಂಪ್ಲೇಟಿನ ಹೆಸರು ಕಾಣುವುದುಂಟು.

ಜಾಲತಾಣದ ಮೂಲಕ ಅರ್ಜಿ ಹಾಕುವಲ್ಲಿ ಸರಳವಾದ ಒಂದೇ ಕಾಲಂನ ಪ್ರತಿ, ವ್ಯಕ್ತಿಗೆ ನೇರವಾಗಿ ಕಳಿಸುವಲ್ಲಿ ವಿನ್ಯಾಸಗೊಂಡ ಪ್ರತಿ ಎಂದು ಎರಡನ್ನು ಇಟ್ಟುಕೊಳ್ಳಬಹುದು. ಪಠ್ಯ ಮಾತ್ರ ಎರಡರಲ್ಲೂ ಅಕ್ಷರಶಃ ಒಂದೇ ಆಗಿರಬೇಕು.

ಹಂತ 7: ಪೋರ್ಟ್‌ಫೋಲಿಯೊ

ಆರರಿಂದ ಎಂಟು ಕೆಲಸಗಳು ಸಾಕು. ಅತ್ಯುತ್ತಮವಾದುದು ಮೊದಲಿಗೆ, ಅದರ ನಂತರದ್ದು ಕೊನೆಗೆ ಇರಲಿ. ಮಧ್ಯದಲ್ಲಿ ದುರ್ಬಲವಾದುದೊಂದು ಇದ್ದರೆ ತೆಗೆಯಿರಿ, ಏಕೆಂದರೆ ನೋಡುವವರು ನಿಮ್ಮ ಮಟ್ಟವನ್ನು ಅದರಿಂದಲೇ ಅಂದಾಜು ಮಾಡುತ್ತಾರೆ. ಮೊದಲ ಹಂತದಲ್ಲಿ ಬರೆದ ನಾಲ್ಕು ಸಂಗತಿಗಳನ್ನು ಪ್ರತಿ ಕೆಲಸದ ಜೊತೆಗೆ ಕೆಲವೇ ಸಾಲುಗಳಲ್ಲಿ ಕೊಡಿ, ತಿರಸ್ಕೃತವಾದ ಒಂದು ಕರಡನ್ನೂ ಅದನ್ನು ಬಿಟ್ಟ ಕಾರಣವನ್ನೂ ತೋರಿಸಿ. ಮುಗಿದ ಚಿತ್ರಕ್ಕಿಂತ ಅದು ನಿಮ್ಮ ಯೋಚನೆಯನ್ನು ಹೆಚ್ಚು ತೋರಿಸುತ್ತದೆ. ತಂಡದ ಕೆಲಸವಾಗಿದ್ದರೆ ಉಳಿದವರ ಪಾಲನ್ನು ಹೆಸರಿಸಿ ಹೇಳಿ. ಕೆಲಸಗಳನ್ನು ತೋರಿಸುವ ಜಾಲತಾಣಗಳಲ್ಲಿ ದೃಶ್ಯವಿನ್ಯಾಸಕರಿಗೆ ಬಿಹ್ಯಾನ್ಸ್, ಪ್ರೋಗ್ರಾಮರ್‌ಗಳಿಗೆ ಗಿಟ್‌ಹಬ್ ಅನುಕೂಲಕರ. ಬರಹಗಾರರಿಗೆ ಮೂರು ನಾಲ್ಕು ಲೇಖನಗಳ ಒಂದು ಪಿಡಿಎಫ್ ಸಾಕಾಗುತ್ತದೆ. ಕೊಂಡಿಯನ್ನು ಲಾಗಿನ್ ಆಗದ ಬ್ರೌಸರ್‌ನಲ್ಲಿ ಮತ್ತು ಫೋನಿನಲ್ಲಿ ತೆರೆದು ನೋಡದೆ ಯಾರಿಗೂ ಕಳಿಸಬೇಡಿ; ಅನುಮತಿ ಕೇಳುವ ಪುಟ ಎದುರಾದರೆ ನೋಡುವವರು ಅಲ್ಲಿಗೇ ಬಿಡುತ್ತಾರೆ.

ಹಂತ 8: ಎಲ್ಲ ಕಡೆ ಒಬ್ಬರೇ ಕಾಣಿಸಲಿ

ರೆಸ್ಯೂಮೆ ಇಷ್ಟವಾದವರು ಮರುಕ್ಷಣ ನಿಮ್ಮ ಹೆಸರನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಆಗ ಒಂದೆಡೆ ಲೇಬಲ್ ವಿನ್ಯಾಸಕಿ, ಇನ್ನೊಂದೆಡೆ ಮದುವೆಯ ಛಾಯಾಗ್ರಾಹಕಿ, ಮತ್ತೊಂದೆಡೆ ನಾಲ್ಕು ವರ್ಷ ಹಿಂದಿನ ವಿದ್ಯಾರ್ಥಿನಿ ಕಂಡರೆ ಅವರಿಗೆ ಗೊಂದಲವಾಗುತ್ತದೆ. ಹೆಸರಿನ ಕಾಗುಣಿತ, ಫೋಟೋ ಮತ್ತು ಆ ಒಂದು ವಾಕ್ಯ ಎಲ್ಲ ಕಡೆ ಒಂದೇ ಇರಲಿ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಹೆಡ್‌ಲೈನ್‌ಗೆ 220 ಅಕ್ಷರಗಳ ಮಿತಿ ಇದೆ, ಹುಡುಕಾಟದ ಫಲಿತಾಂಶದಲ್ಲಿ ಅದರ ಮೊದಲ ಭಾಗ ಮಾತ್ರ ಕಾಣಬಹುದು. ಹಾಗಾಗಿ ವಾಕ್ಯದ ತಿರುಳು ಮೊದಲ ನಾಲ್ಕೈದು ಪದಗಳಲ್ಲೇ ಬರಲಿ. ‘ಅಬೌಟ್’ ವಿಭಾಗದಲ್ಲೂ ಮೊದಲ ಕೆಲವು ಸಾಲುಗಳ ನಂತರ ಉಳಿದದ್ದು ಕೊಂಡಿ ಒತ್ತುವವರೆಗೆ ಅಡಗಿರುತ್ತದೆ.

ಬ್ರ್ಯಾಂಡ್ ಬೆಳೆಸುವುದೆಂದರೆ ದಿನವೂ ಏನಾದರೂ ಹಾಕುತ್ತಿರಬೇಕೆಂಬ ಒತ್ತಡವನ್ನು ಹಲವರು ಹೊರುತ್ತಾರೆ, ಎರಡು ತಿಂಗಳಲ್ಲಿ ದಣಿದು ನಿಲ್ಲಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ, ನಿಮ್ಮ ವಾಕ್ಯಕ್ಕೆ ಸಂಬಂಧಿಸಿದ ಒಂದು ಟಿಪ್ಪಣಿ ಬರೆದರೆ ಸಾಕು. ಆ ವಿನ್ಯಾಸಕಿ ಹಾಗೆಯೇ ಮಾಡಿದರು: ತಮ್ಮ ಕೈಗೆ ಬಂದ ಯಾವುದಾದರೂ ಪೆಟ್ಟಿಗೆಯ ಒಂದು ಬದಿಯನ್ನು ತೋರಿಸಿ, ಅದರಲ್ಲಿ ಕಣ್ಣು ಎಲ್ಲಿ ತಪ್ಪುತ್ತದೆ, ತಾವಾಗಿದ್ದರೆ ಏನು ಬದಲಿಸುತ್ತಿದ್ದರು ಎಂದು ಐದಾರು ಸಾಲು ಬರೆಯುತ್ತಿದ್ದರು. ಕಂಪನಿಯ ಹೆಸರನ್ನು ಮುಚ್ಚಿ, ಮಾಡಿದವರನ್ನು ಹಳಿಯದೆ ಬರೆದುದರಿಂದ ಅದೇ ಕಸುಬಿನವರು ಅವರೊಡನೆ ಚರ್ಚೆಗೆ ಬಂದರು.

ಹಂತ 9: ಕಳಿಸುವುದು ಮತ್ತು ದಾಖಲೆ ಇಡುವುದು

ಕಡತದ ಹೆಸರು ‘ರೆಸ್ಯೂಮೆ-ಫೈನಲ್-3’ ಎಂದಿರದೆ ನಿಮ್ಮ ಹೆಸರು ಮತ್ತು ಹುದ್ದೆಯನ್ನು ಹೊಂದಿರಲಿ. ಜೊತೆಗಿನ ಕವರ್ ಲೆಟರ್ ಮೂರು ಚಿಕ್ಕ ಪ್ಯಾರಾಗಳಷ್ಟಿರಲಿ: ಅವರ ಯಾವ ಕೆಲಸವನ್ನು ನೋಡಿ ಬರೆಯುತ್ತಿದ್ದೀರಿ, ನಿಮ್ಮ ಯಾವ ಕೆಲಸ ಅದಕ್ಕೆ ಹೊಂದುತ್ತದೆ, ಮುಂದೆ ಯಾವಾಗ ಮಾತಾಡಬಹುದು. ಕಳಿಸುವ ಮೊದಲು, ನಿಮ್ಮ ಕ್ಷೇತ್ರಕ್ಕೆ ಸಂಬಂಧವಿಲ್ಲದ ಒಬ್ಬರಿಗೆ ಹಾಳೆಯನ್ನು ಹತ್ತು ಸೆಕೆಂಡ್ ತೋರಿಸಿ ಹಿಂದಕ್ಕೆ ಪಡೆದು, ಏನು ನೆನಪಿದೆ ಎಂದು ಕೇಳಿ. ಅವರು ಹೇಳಿದ್ದರಲ್ಲಿ ನಿಮ್ಮ ವಾಕ್ಯದ ಸುಳಿವು ಇಲ್ಲದಿದ್ದರೆ ನಾಲ್ಕು ಮತ್ತು ಐದನೆಯ ಹಂತಗಳಿಗೆ ಮರಳಬೇಕು.

ಮೂರು ತಿಂಗಳಿಗೊಮ್ಮೆ ಮೊದಲ ಹಂತದ ಪಟ್ಟಿಗೆ ಹೊಸ ಕೆಲಸಗಳನ್ನು ಸೇರಿಸುತ್ತಿರಿ, ವಿವರಗಳು ಮರೆಯುವ ಮುಂಚೆ. ಯಾರಿಗೆ, ಯಾವ ದಿನ, ಯಾವ ಪ್ರತಿಯನ್ನು ಕಳಿಸಿದಿರಿ ಎಂಬುದನ್ನು ಒಂದು ಸಣ್ಣ ಕೋಷ್ಟಕದಲ್ಲಿ ಬರೆದು, ಆ ಪ್ರತಿಯನ್ನೂ ಹಾಗೆಯೇ ಉಳಿಸಿಕೊಳ್ಳಿ. ಆರು ವಾರದ ನಂತರ ಕರೆ ಬಂದಾಗ ಅವರ ಕೈಯಲ್ಲಿರುವ ಹಾಳೆಯೇ ನಿಮ್ಮ ಮುಂದೆಯೂ ತೆರೆದಿರಬೇಕು.